ಐವರು ಹೋದರು, ಒಬ್ಬಳು ಬಂದಳು

ಗೂಡಲೂರಿನಿಂದ ಊಟಿಗೆ ಹತ್ತುವ ಬಸ್ಸಿನಲ್ಲಿ ಹಿಂದಿನ ಸೀಟಿನ ಅಪ್ಪ ಮಗಳಿಗೆ ಹೇಳುತ್ತಿದ್ದರು: “ಮುತ್ತೊರೈ ಗುಡ್ಡದ ಮೇಲೆ ದೊಡ್ಡ ಆಂಟೆನಾ ಇದೆ ಪುಟ್ಟಿ. ಅಲ್ಲಿ ಹೆಡ್‌ಫೋನ್ ಹಾಕ್ಕೊಂಡು ಏಲಿಯನ್‌ಗಳು ಮಾತಾಡೋದನ್ನ ಕೇಳ್ತಾ ಕೂತಿರ್ತಾರೆ. ‘ಕಾಂಟ್ಯಾಕ್ಟ್’ ಸಿನಿಮಾದಲ್ಲಿ ನೋಡಿದ್ವಲ್ಲ, ಹಾಗೆ.” ಮಗಳು ನಂಬಿದಳು. ಪೈಕಾರ ದಾಟುವವರೆಗೂ ನಾನು ಬಾಯಿ ಬಿಗಿಹಿಡಿದು ಕೂತಿದ್ದೇ ದೊಡ್ಡದು.

ಹೆಡ್‌ಫೋನಿನ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಜೋಡಿ ಫಾಸ್ಟರ್ ಕಾರಿನ ಮೇಲೆ ಒರಗಿ, ಕಣ್ಣುಮುಚ್ಚಿ, ಆಕಾಶಕ್ಕೆ ಕಿವಿಗೊಟ್ಟ ಆ ದೃಶ್ಯ ಚೆಂದವೇ. ಆದರೆ ಕಿವಿಗೆ ಅಲ್ಲಿ ಕೆಲಸವಿಲ್ಲ. ಮುತ್ತೊರೈ ಗುಡ್ಡದ ಆ ರೇಡಿಯೊ ದೂರದರ್ಶಕ 326.5 ಮೆಗಾಹರ್ಟ್ಸ್‌ನಲ್ಲಿ ಹಿಡಿಯುವುದು ರೇಡಿಯೊ ಅಲೆಯನ್ನು, ಸದ್ದನ್ನಲ್ಲ. ಅದನ್ನು ಉಪಕರಣ ಅಳೆದಿಡುತ್ತದೆ. ಮನುಷ್ಯ ಆಮೇಲೆ ಆ ಅಂಕಿಗಳ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಾನೆ.

ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಬೇರೆ: ಗುಡ್ಡದ ವಿಷಯ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತವಲ್ಲ, ಒಂದೇ ಅಚ್ಚಿನ ಸುತ್ತ ತಿರುಗಿ ಅವುಗಳ ಬೆನ್ನು ಹತ್ತಬೇಕಾದರೆ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿರಬೇಕು. ಎಂದರೆ ಊರಿನ ಅಕ್ಷಾಂಶ ಎಷ್ಟೋ ಅಷ್ಟು ಓರೆಯಾಗಿರಬೇಕು. ಊಟಿಯದು 11 ಡಿಗ್ರಿ ಮತ್ತು ಚಿಲ್ಲರೆ. ಇದನ್ನು ಕಟ್ಟಿದ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಮಾಡಿದ ಜಾಣತನವೆಂದರೆ, ಆ ಓರೆಯನ್ನು ಕಬ್ಬಿಣದಲ್ಲಿ ಕಟ್ಟುವ ಬದಲು ದಕ್ಷಿಣೋತ್ತರವಾಗಿ ಅಷ್ಟೇ ಇಳಿಜಾರಿರುವ ಗುಡ್ಡವನ್ನು ಹುಡುಕಿದ್ದು. ಅದರ ಮೇಲೆ 530 ಮೀಟರ್ ಉದ್ದ, 30 ಮೀಟರ್ ಅಗಲದ ತೊಟ್ಟಿಲನ್ನು ಮಲಗಿಸಿದರು: 24 ಉಕ್ಕಿನ ಚೌಕಟ್ಟು, ಅವುಗಳ ಮೇಲೆ ಉದ್ದಕ್ಕೂ ಬಿಗಿದ 1,100 ಸ್ಟೇನ್‌ಲೆಸ್ ಸ್ಟೀಲ್ ತಂತಿ. ಉದ್ದನೆಯ ಅಚ್ಚಿನ ಸುತ್ತ ಮೆಲ್ಲಗೆ ಹೊರಳಿಸುತ್ತ ಹೋದರೆ ಸಾಕು, ಒಂದೇ ಆಕಾಶಕಾಯವನ್ನು ಒಂಬತ್ತೂವರೆ ಗಂಟೆ ಬಿಡದೆ ಹಿಂಬಾಲಿಸುತ್ತದೆ. ಕೆಳಗಿನ ತುದಿಗೂ ಮೇಲಿನ ತುದಿಗೂ ಸುಮಾರು ನೂರು ಮೀಟರ್ ಎತ್ತರದ ವ್ಯತ್ಯಾಸ. ರಾತ್ರಿ ಕೆಳತುದಿಯಲ್ಲಿ ನಿಂತು ಇಳಿಜಾರಿನ ಗುಂಟ ನೋಟ ಹರಿಸಿದರೆ ಅದು ಮುಟ್ಟುವುದು ಧ್ರುವ ನಕ್ಷತ್ರದ ಬಳಿಗೆ. ಬಡಗರ ಹಟ್ಟಿಗಳು, ಕ್ಯಾರೆಟ್ ಹೊಲಗಳು, ಆಲೂಗಡ್ಡೆ ಸಂಶೋಧನಾ ಕೇಂದ್ರ, ಇವುಗಳ ನೆರೆಯಲ್ಲಿ ಭೂಮಿಯ ಅಚ್ಚನ್ನೇ ಗುಡ್ಡದ ಮೇಲೆ ಬರೆದಿಟ್ಟಂತಿದೆ. ಹಾಡು ಚಿತ್ರೀಕರಿಸಲು ಊಟಿಗೆ ಬಂದವರು ಬೊಟಾನಿಕಲ್ ಗಾರ್ಡನ್ನಿನ ಹುಲ್ಲಿನ ಮೇಲೇ ಉರುಳಾಡಿ ಹೋದರು, ಇರಲಿ.

ಇದನ್ನು ಕಟ್ಟಿದ್ದು ಯಾರ ಮಾತನ್ನೂ ಕೇಳುವುದಕ್ಕಲ್ಲ, ಚಂದ್ರ ಅಡ್ಡ ಬರುವುದನ್ನು ಕಾಯುವುದಕ್ಕೆ. ದೂರದ ರೇಡಿಯೊ ಗೆಲಾಕ್ಸಿಯೊಂದರ ಮುಂದೆ ಚಂದ್ರ ಹಾದಾಗ ಅದರ ಅಲೆ ಕುಂದುತ್ತದೆ, ಮತ್ತೆ ಬರುತ್ತದೆ. ಕುಂದಿದ ಬಗೆಯಿಂದ ಆ ಗೆಲಾಕ್ಸಿ ಎಲ್ಲಿದೆ, ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. 1970ರಲ್ಲಿ ಕೆಲಸ ಆರಂಭವಾಯಿತು. ಹೀಗೆ ನೂರಾರು ಗೆಲಾಕ್ಸಿಗಳನ್ನು ಅಳೆದು, ವಿಶ್ವ ಇದ್ದಂತೆಯೇ ಇರುವುದಲ್ಲ, ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ 1975ರಲ್ಲಿ ಸ್ವರೂಪ್ ಮತ್ತು ಅವರ ಸಂಗಡಿಗ ಕಪಾಹಿ ಬಲ ಕೊಟ್ಟರು. ಒಪ್ಪದವರು ತಮ್ಮ ದೂರದರ್ಶಕದಲ್ಲಿ ಅದನ್ನೇ ಅಳೆದು ನೋಡಬಹುದಿತ್ತು. ಇದೊಂದನ್ನು ನೆನಪಿಡಿ.

ಊರಿಗೆ ಮರಳಿ ಆ ಸಿನಿಮಾದ ಹಿಂದಿರುವ ಕಾರ್ಲ್ ಸೇಗನ್‌ರ ‘ಕಾಂಟ್ಯಾಕ್ಟ್’ ಕಾದಂಬರಿಯನ್ನು ಮತ್ತೆ ತೆಗೆದೆ. ಒಳ್ಳೆಯ ಪುಸ್ತಕವನ್ನು ಸಿನಿಮಾ ಕೆಡಿಸಿತು ಎಂದು ಬರೆಯುವ ಹುಮ್ಮಸ್ಸಿತ್ತು. ಆದರೆ ಆ ದೂರು ನಿಲ್ಲುವುದಿಲ್ಲ, ಏಕೆಂದರೆ ಇದು ಮೊದಲು ಹುಟ್ಟಿದ್ದೇ ಸಿನಿಮಾಕ್ಕಾಗಿ. 1980ರ ಹೊತ್ತಿಗೆ ಸೇಗನ್ ಮತ್ತು ಆನ್ ಡ್ರುಯನ್ ಚಿತ್ರಕಥೆಯ ಕರಡು ಬರೆದಿದ್ದರು. ಚಿತ್ರ ಮುಂದೆ ಸಾಗಲಿಲ್ಲ. ಸೇಗನ್ 1985ರಲ್ಲಿ ಅದನ್ನು ಕಾದಂಬರಿ ಮಾಡಿದರು. ರಾಬರ್ಟ್ ಜೆಮೆಕಿಸ್ ಚಿತ್ರ ತೆರೆಗೆ ಬಂದದ್ದು 1997ರ ಜುಲೈಯಲ್ಲಿ. ಅದಕ್ಕೆ ಸುಮಾರು ಏಳು ತಿಂಗಳ ಮೊದಲೇ ಸೇಗನ್ ತೀರಿಕೊಂಡಿದ್ದರು.

ಹಾಗಾಗಿ ನಿಷ್ಠೆಯ ಪ್ರಶ್ನೆ ಬಿಡೋಣ. ನನ್ನನ್ನು ಕಾಡಿದ್ದು ತಲೆಗಳ ಲೆಕ್ಕ. ಕಾದಂಬರಿಯಲ್ಲಿ, ಏಲಿಯನ್‌ಗಳ ಸಂದೇಶ ಓದಿ ಕಟ್ಟಿದ ಯಂತ್ರದೊಳಗೆ ಕೂತು ಹೋಗುವವರು ಐವರು: ಎಲಿ ಆರೊವೇ, ರಷ್ಯದ ಲುನಾಚಾರ್ಸ್ಕಿ, ನೈಜೀರಿಯದ ಎಡಾ, ಚೀನದ ಷಿ, ನಮ್ಮ ದೇಶದ ದೇವಿ ಸುಖಾವತಿ. ಸಿನಿಮಾದಲ್ಲಿ ಎಲಿ ಒಬ್ಬಳೇ. ‘ಕಾಸ್ಮೊಸ್’ ಸರಣಿಗಾಗಿ ತಮಿಳುನಾಡಿಗೆ ಬಂದು ಪೊಂಗಲ್ ಹಬ್ಬವನ್ನು ಚಿತ್ರೀಕರಿಸಿದ್ದ ಸೇಗನ್ ಒಬ್ಬ ಭಾರತೀಯಳಿಗೆ ಕೊಟ್ಟ ಸೀಟು ಹೋಯಿತಲ್ಲ ಎಂಬ ಅಭಿಮಾನದ ನೋವು ಒಂದು ಪಕ್ಕಕ್ಕಿರಲಿ. ಒಬ್ಬಳೇ ಹೋಗಿ ಬಂದಾಗ ಕಥೆ ‘ನನ್ನ ಮಾತು ನಂಬುತ್ತೀರಾ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದು ಭಕ್ತರ ಪ್ರಶ್ನೆ. ಸಿನಿಮಾ ಅದನ್ನು ಕಣ್ಣೀರಿನೊಂದಿಗೆ ಕೇಳುತ್ತದೆ. ಕೊನೆಗೆ ಹದಿನೆಂಟು ಗಂಟೆಯ ಬರಿಯ ಗೊರಗೊರ ಸದ್ದು ರೆಕಾರ್ಡ್ ಆಗಿದೆ ಎಂಬ ಗುಟ್ಟನ್ನು ನಮ್ಮ ಕಿವಿಗೆ ಹಾಕಿ ಸಮಾಧಾನವನ್ನೂ ಮಾಡುತ್ತದೆ. ಕಾದಂಬರಿಗೆ ಅಷ್ಟು ಕರುಣೆಯಿಲ್ಲ. ಬೇರೆ ಬೇರೆ ದೇಶದ ಐವರು ಒಂದೇ ಮಾತು ಹೇಳುತ್ತಾರೆ, ಆದರೂ ಸರ್ಕಾರಗಳು ಒಪ್ಪುವುದಿಲ್ಲ, ತೋರಿಸಲು ಕೈಯಲ್ಲಿ ಏನೂ ಇಲ್ಲ. ಐದು ಬಾಯಿಯೂ ಸಾಲದು. ಬೇರೊಬ್ಬರು ಮತ್ತೊಮ್ಮೆ ಅಳೆಯುವಂತಿರಬೇಕು. ಚಂದ್ರ ಮತ್ತೊಮ್ಮೆ ಅಡ್ಡ ಬರುತ್ತಾನೆ, ಆ ಯಂತ್ರ ಮತ್ತೊಮ್ಮೆ ತೆರೆಯುವುದಿಲ್ಲ. ಎಲಿ, ಯಾರು ಬೇಕಾದರೂ ಮತ್ತೆ ಲೆಕ್ಕಹಾಕಿ ನೋಡಬಹುದಾದ ಪೈ ಸಂಖ್ಯೆಯ ಅಂಕಿಗಳನ್ನು ಜಾಲಾಡಲು ಹೊರಡುವುದು ಅದಕ್ಕೇ. ಆ ಅಧ್ಯಾಯವನ್ನೂ ಸಿನಿಮಾ ಬಿಟ್ಟಿದೆ.

ಕನ್ನಡದಲ್ಲಿ ಇದರ ಜೋಡಿ ಕಥೆ ಇದೆ: ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’. ಅಲ್ಲೂ ಒಂದು ತಂಡ ಕಾಡು ಹತ್ತುತ್ತದೆ, ಅಲ್ಲೂ ಕಂಡದ್ದು, ಒಂದು ಹಾರುವ ಓತಿ, ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆ. ತೇಜಸ್ವಿ ಆ ಓತಿಯನ್ನು ವಿಜ್ಞಾನಿ ಕರ್ವಾಲೊ ಒಬ್ಬರಿಗೇ ಮೀಸಲಿಡಲಿಲ್ಲ. ಮಂದಣ್ಣ, ಬಿರ್ಯಾನಿ ಕರಿಯಪ್ಪ, ಪ್ರಭಾಕರ, ಎಂಗ್ಟ ಎಲ್ಲರೂ ಬೇಕಾದರು. ಅದನ್ನು ಯಾರಾದರೂ ತೆರೆಗೆ ತಂದು, ಗುಂಪು ಹೆಚ್ಚಾಯಿತೆಂದು ಕರಿಯಪ್ಪನನ್ನು ಕೈಬಿಟ್ಟು, ಬಂಡೆಯ ತುದಿಯಲ್ಲಿ ಕರ್ವಾಲೊ ಒಬ್ಬರನ್ನೇ ನಿಲ್ಲಿಸಿದರೆ ನಾನಂತೂ ಟಿಕೆಟ್ ವಾಪಸ್ ಕೊಡುತ್ತೇನೆ.