ತಿರುಗಿಸಿ ನೋಡುವ ಪಾಠಕ್ಕೆ ಬೇರೆ ತಂತ್ರಾಂಶ ಏಕೆ ಬೇಕು?

ಮಕ್ಕಳೇ, ಗೋಬರ್ ಅನಿಲದಲ್ಲಿ ಉರಿಯುವುದು ಮುಖ್ಯವಾಗಿ ಮೀಥೇನ್. ಅದರ ಅಣುವಿನಲ್ಲಿ ನಡುವೆ ಒಂದು ಇಂಗಾಲ, ಸುತ್ತ ನಾಲ್ಕು ಹೈಡ್ರೋಜನ್. ಹಾಳೆಯ ಮೇಲೆ ಇದನ್ನು ಕೂಡುವ ಚಿಹ್ನೆಯಂತೆ ಬರೆಯುತ್ತೇವೆ. ಆಗ ಎರಡು ಕೈಗಳ ನಡುವಿನ ಕೋನ 90 ಡಿಗ್ರಿ ಎನಿಸುತ್ತದೆ. ನಿಜದಲ್ಲಿ ಅದು ಸುಮಾರು 109.5 ಡಿಗ್ರಿ! ಮೂರು ಕೈ ಮುಕ್ಕಾಲಿಯ ಕಾಲಿನಂತೆ ಕೆಳಗೆ, ಒಂದು ಮೇಲಕ್ಕೆ. ಚಪ್ಪಟೆ ಹಾಳೆ ಇದನ್ನು ಹೇಗೆ ತಾನೇ ತೋರಿಸೀತು?

ಜೇಡಿಮಣ್ಣಿನ ಉಂಡೆಗೆ ನಾಲ್ಕು ಕಡ್ಡಿ ಚುಚ್ಚಿ ನೋಡಬಹುದು. ಮೊದಲು ಅದನ್ನೇ ಮಾಡಿ. ಆದರೆ ನೂರಾರು ಪರಮಾಣುಗಳ ಅಣುವನ್ನು, ಮಿಡಿಯುವ ಹೃದಯವನ್ನು ಕಡ್ಡಿಯಲ್ಲಿ ಕಟ್ಟುವುದು ಕಷ್ಟ. ಅಲ್ಲಿ ಗಣಕಯಂತ್ರ ಬೇಕು. ವಿಡಿಯೊ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಯಾವ ಕಡೆಯಿಂದ ನೋಡಬೇಕೆಂದು ವಿಡಿಯೊ ಮಾಡಿದವರೇ ತೀರ್ಮಾನಿಸಿರುತ್ತಾರೆ. ಹಿಂಬದಿ ಹೇಗಿದೆ ಎಂಬ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಗಣಕ ಇದನ್ನು ಹೇಗೆ ತಿರುಗಿಸುತ್ತದೆ? ಸೀಮೆಸುಣ್ಣದ ಪೆಟ್ಟಿಗೆ ತೆಗೆದುಕೊಳ್ಳಿ. ಅದಕ್ಕೆ 8 ಮೂಲೆಗಳು. ಪ್ರತಿ ಮೂಲೆಗೂ ಮೂರು ಸಂಖ್ಯೆ: ಎಡಬಲಕ್ಕೆ ಒಂದು, ಮೇಲೆಕೆಳಗೆ ಒಂದು, ಹತ್ತಿರದೂರಕ್ಕೆ ಒಂದು. 6 ಮುಖಗಳಿಗೂ ಕರ್ಣ ಎಳೆದರೆ 12 ತ್ರಿಭುಜ. ನೀವು ಮೌಸ್ ಎಳೆದಾಗ ಗಣಕವು ಮೂಲೆಗಳ ಹೊಸ ಸ್ಥಾನ ಲೆಕ್ಕಹಾಕಿ ತ್ರಿಭುಜಗಳನ್ನು ಮತ್ತೆ ಬರೆಯುತ್ತದೆ. ನುಣುಪಾದ ಚೆಂಡಿಗೆ ಸಾವಿರಾರು ತ್ರಿಭುಜ ಬೇಕಾಗಬಹುದು. ಚಲನೆ ತಡವರಿಸದಿರಲು ಸೆಕೆಂಡಿಗೆ ಸುಮಾರು 60 ಸಲ ಬರೆಯಬೇಕು. ಒಟ್ಟೊಟ್ಟಿಗೆ ಇಷ್ಟು ಲೆಕ್ಕ ಮಾಡಲೆಂದೇ ಗಣಕದಲ್ಲಿ ಗ್ರಾಫಿಕ್ಸ್ ಚಿಪ್ ಇರುತ್ತದೆ.

ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರ್ ಬಹುಕಾಲ ಈ ಚಿಪ್ಪಿನ ಬಾಗಿಲನ್ನು ಪುಟಗಳಿಗೆ ತೆರೆದಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಎಲ್ಲಿಂದಲೋ ಬಂದ ಪುಟ ಗಣಕದ ಒಳಭಾಗಕ್ಕೆ ಕೈಹಾಕಬಾರದಲ್ಲವೇ? ಹಾಗಾಗಿ ಜಾವಾ, ಫ್ಲ್ಯಾಶ್, ಯೂನಿಟಿ ವೆಬ್ ಪ್ಲೇಯರ್ ಮುಂತಾದ ಪ್ಲಗ್‌-ಇನ್‌ಗಳನ್ನು, ಅಂದರೆ ಬ್ರೌಸರ್‌ಗೆ ಸಿಕ್ಕಿಸುವ ಹೆಚ್ಚುವರಿ ತಂತ್ರಾಂಶಗಳನ್ನು, ಹಾಕಿಕೊಳ್ಳಬೇಕಾಗಿತ್ತು. ಅವುಗಳಲ್ಲಿ ಭದ್ರತೆಯ ತೂತುಗಳು ಮತ್ತೆ ಮತ್ತೆ ಕಂಡುಬಂದವು. ಬ್ರೌಸರ್‌ಗಳು ಒಂದೊಂದಾಗಿ ಅವನ್ನು ಕೈಬಿಟ್ಟವು. 2020ರ ಕೊನೆಗೆ ಫ್ಲ್ಯಾಶ್ ಕೂಡ ನಿಂತಿತು. ಅದನ್ನೇ ನಂಬಿ ಮಾಡಿದ ಎಷ್ಟೋ ಒಳ್ಳೆಯ ಪಾಠಗಳ ಜಾಗದಲ್ಲಿ ಖಾಲಿ ಚೌಕ ಉಳಿಯಿತು.

ಬೇರೆ ದಾರಿ ಅಷ್ಟರಲ್ಲಿ ಸಿದ್ಧವಾಗಿತ್ತು. ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ 2006ರಲ್ಲಿ ಬ್ರೌಸರ್ ಒಳಗೇ ಮೂರು ಆಯಾಮದ ಚಿತ್ರ ಬರೆಸುವ ಪ್ರಯೋಗ ತೋರಿಸಿದರು. ಅದರಿಂದ ಬೆಳೆದ ವೆಬ್‌ಜಿಎಲ್ ಎಂಬ ನಿಯಮಾವಳಿಯನ್ನು ಹಲವು ಕಂಪನಿಗಳ ಕೂಟವಾದ ಖ್ರೋನೋಸ್ ಗ್ರೂಪ್ 2011ರಲ್ಲಿ ಪ್ರಕಟಿಸಿತು. ಇದರಲ್ಲಿ ಪುಟದ ಕೋರಿಕೆಯನ್ನು ಬ್ರೌಸರ್ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಚಿಪ್ಪಿಗೆ ಕಳಿಸುತ್ತದೆ. ಈ ನಿಯಮ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು.

ಶಾಲೆಗೆಂದು ಮಾಡುವ ಪಾಠಗಳೆಲ್ಲ ಇಂಥ ಮುಕ್ತ ನಿಯಮಗಳ ಮೇಲೆಯೇ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಕಂಪನಿ ಅಂಗಡಿ ಮುಚ್ಚಿದರೆ ನಿಮ್ಮ ಪಾಠ ಏಕೆ ಮುಚ್ಚಬೇಕು? ಹಳೆಯ ಗಣಕದಲ್ಲಿ ಇವು ನಿಧಾನವಾಗುತ್ತವೆ ಎಂಬ ದೂರು ನಿಜವೇ. ಆದರೆ ಪಾಠ ಮಾಡುವವರು ತ್ರಿಭುಜ ಕಡಿಮೆ ಮಾಡಬಹುದು. ಚೆಂಡು ಸ್ವಲ್ಪ ಒರಟಾಗಿ ಕಂಡರೆ ನಷ್ಟವೇನೂ ಇಲ್ಲ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಯೋಜನೆ, ಮೊದಲು ಜಾವಾ ಮತ್ತು ಫ್ಲ್ಯಾಶ್‌ನಲ್ಲಿ ಮಾಡಿದ್ದ ತನ್ನ ಅನೇಕ ಪಾಠಗಳನ್ನು ಬ್ರೌಸರ್‌ನಲ್ಲೇ ನಡೆಯುವಂತೆ ಮತ್ತೆ ಬರೆಯಿತು. ಅಣುಗಳ ಆಕಾರದ ಪಾಠವೂ ಅದರಲ್ಲಿದೆ. ನಿಮ್ಮ ಶಿಕ್ಷಕರು ಅದನ್ನು ಒಂದು ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರೆ, ಅಂತರಜಾಲವಿಲ್ಲದ ಗಣಕದಲ್ಲೂ ಮೀಥೇನನ್ನು ಹಿಡಿದು ತಿರುಗಿಸಬಹುದು. ಮಣ್ಣಿನ ಉಂಡೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಎರಡೂ ಹೊಂದುತ್ತವೆಯೇ ನೋಡಿ.