ಲಿಂಕ್ ಕಟ್ ಮಾಡ್ಸೋದು ಉಳಿತಾಯ ಅಲ್ಲ ಕಣ್ರಪ್ಪ

ಈ ವಾರ ಮುಸುಕಿನ ಜೋಳದ ಸೈನಿಕ ಹುಳದ ಬಗ್ಗೆ ಬರೀಬೇಕು ಅಂತಿದ್ದೆ. ಅದು ಇನ್ನೊಂದ್ಸಲ. ಇವತ್ತು ಬೆಳಿಗ್ಗೆ ಡೇರಿ ಮುಂದೆ ಕಂಡದ್ದು ನೋಡಿ ಸುಮ್ನೆ ಇರೋಕೆ ಆಗ್ಲಿಲ್ಲ.

ಹಾಲು ಅಳೆಸಿ ಹೊರಗೆ ಬಂದೆ, ಹನ್ನೊಂದು ಗಾಡಿ ಸಾಲಾಗಿ ನಿಂತಿದ್ವು. ಕವರ್ ಮುಚ್ಚಿರೋದರಲ್ಲಿ ನೋಡೋ ತೂತಿಂದ ಬೆರಳು ಹಾಕಿ, ಉಳಿದದ್ದರಲ್ಲಿ ಹಂಗೇ ಬಗ್ಗಿ ಚೈನ್ ಎತ್ತಿ ನೋಡ್ದೆ. ನಾಲ್ಕರಲ್ಲಿ ಚೈನು ಉಯ್ಯಾಲೆ ಹಗ್ಗದ ಥರ ಜೋತಾಡ್ತಿತ್ತು. ಎರಡಕ್ಕೆ ಚೈನ್ ಕವರೇ ಇಲ್ಲ, ಹುಡುಗರು ಸ್ಟೈಲಿಗೆ ಅಂತ ಬಿಚ್ಚಿ ಎಸೆದವ್ರೆ. ಒಂದರ ಹಿಂದಿನ ಸ್ಪ್ರಾಕೆಟ್ ಹಲ್ಲಂತೂ ಸವೆದು ಸವೆದು ಕುಡುಗೋಲಿನ ಮೂತಿ ಆಗಿತ್ತು. ಆ ಯಜಮಾನರಿಗೆ ತೋರಿಸಿದ್ರೆ, "ಒಂದ್ ಲಿಂಕ್ ಕಟ್ ಮಾಡ್ಸಿದ್ರೆ ದೀಪಾವಳಿ ಗಂಟ ಬತ್ತದೆ ಬಿಡಣ್ಣ" ಅಂದ್ರು.

ನನ್ನ ಜಗಳ ಈ ಮಾತಿನ ಜೊತೆಗೇ. ಯಾಕಂದ್ರೆ ಹೋದ ವರ್ಷ ಇದೇ ಮಾತು ನಾನೂ ಆಡಿದ್ದೆ.

ಅಡ್ಜಸ್ಟರ್ ಕೊನೆ ಗೆರೆ ಮುಟ್ಟಿತ್ತು. ನಮ್ಮನೆಯವಳು ಹಿಂದೆ ಕೂತು ದಿನಾ ಹೇಳೋಳು, "ರೀ, ಏನೋ ಕರಕರ ಅಂತೈತೆ" ಅಂತ. ಗ್ಯಾರೇಜಿನ ಹುಡುಗ ಸೆಟ್ ಬದಲಾಯಿಸಿ ಅಂದ. "ಕೊಬ್ಬರಿ ದುಡ್ಡು ಬರ್ಲಿ, ಈಗ ಒಂದು ಜೋಡಿ ಲಿಂಕ್ ತೆಗಿ" ಅಂದವನು ನಾನೇ. ಅವನ ತಪ್ಪಿಲ್ಲ. ಮೂರನೇ ವಾರಕ್ಕೆ ಕೆರೆ ಏರಿ ಮೇಲೆ, ಎರಡು ಕ್ಯಾನ್ ಹಾಲು, ಹಿಂದೆ ಇವಳು, ಟಕ್ ಅಂತ ಚೈನ್ ತುಂಡಾಯ್ತು. ಬರೀ ತುಂಡಾಗಿದ್ರೆ ಗಾಡಿ ತಳ್ಕೊಂಡು ಮನೆಗೆ ಬರ್ತಿದ್ವಿ. ತುಂಡಾದ ಚೈನು ಮುಂದಿನ ಸ್ಪ್ರಾಕೆಟ್ಟಿಗೆ ಸುತ್ಕೊಂಡು ಹಿಂದಿನ ಚಕ್ರ ಹಿಡ್ಕೊಂಡ್ತು. ಇಂಜಿನ್ ಕೇಸ್ ಸೀಳು ಬಿಟ್ಟು ಆಯಿಲ್ ಎಲ್ಲಾ ರಸ್ತೆಗೆ. ಇವಳ ಬಲ ಮುಂಗೈ ಮುರೀತು. ಆರು ವಾರ ಪಟ್ಟು. ನಮ್ಮನೇಲಿ ಹಾಲು ಕರೆಯೋ ಕೈ ಅದು. ನಾನು ಕೂತ್ರೆ ಕೆಂದ ಹಸು ಒದೆಯೋದು, ಹಾಲು ಏರಿಸ್ಕೊಳ್ಳೋದು. ಆಸ್ಪತ್ರೆ, ಇಂಜಿನ್ ಕೇಸು ಎಲ್ಲಾ ಸೇರಿ ₹18,000 ಆಯ್ತು. ನಾನು ಉಳಿಸೋಕೆ ಹೊರಟಿದ್ದು ಸಾವಿರದ ಚಿಲ್ಲರೆ.

ಈಗ ವಿಷಯಕ್ಕೆ ಬರೋಣ. ಚೈನು ರಬ್ಬರ್ ಥರ ಎಳೆದು ಉದ್ದ ಆಗೋದಲ್ಲ. ಒಳಗಿನ ಪಿನ್ನು, ಬುಷ್ಷು ಸವೆದು ಒಂದೊಂದು ಕೀಲೂ ಕೂದಲೆಳೆಯಷ್ಟು ಅಗಲ ಆಗತ್ತೆ. ನೂರಕ್ಕೂ ಮೇಲೆ ಲಿಂಕ್ ಇರೋದರಿಂದ ಒಟ್ಟಾರೆ ಜೋತು ಬಿದ್ದಂಗೆ ಕಾಣತ್ತೆ. ಜೋಡಿ ಲಿಂಕ್ ತೆಗೆದ್ರೆ ಒಟ್ಟು ಉದ್ದ ಕಮ್ಮಿ ಆಯ್ತು, ಸರಿ. ಉಳಿದ ಲಿಂಕುಗಳ ಸವೆತ ಎಲ್ಲಿಗೆ ಹೋಯ್ತು? ಎತ್ತಿನ ಗಾಡಿ ಅಚ್ಚು ಸವೆದು ಚಕ್ರ ಅಲ್ಲಾಡುವಾಗ ನೊಗದ ಹಗ್ಗ ಬಿಗಿ ಮಾಡಿದಂಗೆ ಇದು. ಸ್ಪ್ರಾಕೆಟ್ ಹಲ್ಲಿನ ಅಂತರಕ್ಕೂ ಚೈನಿನ ಅಂತರಕ್ಕೂ ತಾಳೆ ತಪ್ಪಿ, ಎಲ್ಲಾ ಹಲ್ಲು ಹಂಚ್ಕೊಂಡು ಹೊರಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬೀಳತ್ತೆ. ನಮ್ಮ ಗಾಡಿ ಮೇಲೆ ಬೂಸಾ ಮೂಟೆ, ಹಸಿ ಹುಲ್ಲಿನ ಹೊರೆ ಬೇರೆ.

ಸವೆದಿದ್ಯೋ ಇಲ್ವೋ ಅಂತ ಗ್ಯಾರೇಜಿನೋರನ್ನ ಕೇಳಬೇಕಾಗಿಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ತರಬೇಡಿ, ಅದು 15 ಸೆಂಟಿಮೀಟರಿನದು, 30ರ ಉದ್ದ ಸ್ಕೇಲ್ ತನ್ನಿ. ನಮ್ಮ 100 ಸಿಸಿ, 125 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಬರೋದು 428 ನಂಬರಿನ ಚೈನು, ಲಿಂಕಿನ ಪಕ್ಕದಲ್ಲೇ ಒತ್ತಿರ್ತಾರೆ. ಅದರ ಒಂದು ಪಿನ್ನಿನ ನಡುವಿಂದ ಪಕ್ಕದ ಪಿನ್ನಿನ ನಡುವಿಗೆ 12.7 ಮಿ.ಮೀ., ಅಂದ್ರೆ ಅರ್ಧ ಇಂಚು. ಚೈನ್ ಬಿಗಿಯಾಗಿ ಎಳೆದಿಟ್ಟು ಒಂದು ಪಿನ್ನಿಂದ 21ನೇ ಪಿನ್ನಿಗೆ ಅಳೀರಿ. ಹೊಸ ಚೈನಾದ್ರೆ 254 ಮಿ.ಮೀ. 259 ಬಂತಾ, ಕತೆ ಮುಗೀತು. ಲಿಂಕ್ ಕಟ್ಟು ಗಿಂಕ್ ಕಟ್ಟು ಏನೂ ಇಲ್ಲ. ಸ್ಕೇಲೂ ಬೇಡ ಅನ್ನೋರು ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೀರಿ. ಅರ್ಧ ಹಲ್ಲು ಕಾಣೋಷ್ಟು ಎದ್ದು ಬಂದ್ರೂ ಅದೇ ಉತ್ತರ.

"ಸರಿ, ಚೈನ್ ಒಂದೇ ಹಾಕ್ಸಿದ್ರೆ?" ಅಂತ ನಮ್ಮ ಭಾವ ಕೇಳಿದ್ರು. ಭಾವ, ಸವೆದ ಹಲ್ಲಿಗೆ ಹೊಸ ಚೈನ್ ಹಾಕಿದ್ರೆ ಆ ಹಲ್ಲು ಹೊಸದನ್ನೂ ತನ್ನ ಅಳತೆಗೆ ತಿಂದು ಹಾಕತ್ತೆ. ಮುಂದಿನದು, ಹಿಂದಿನದು, ಚೈನು, ಮೂರೂ ಒಟ್ಟಿಗೆ. ಹಲ್ಲಿನ ಲೆಕ್ಕ ಹಳೇದರಷ್ಟೇ ಇರ್ಲಿ.

ಇನ್ನೊಬ್ರು ಡೇರಿ ಕಟ್ಟೆ ಮೇಲೆ ಕೂತು, "ಹಿಂದಿನ ಚಕ್ರ ಅಂದ್ರೆ ಪ್ರಾಣ ಕಣಯ್ಯ, ರೈತ ಆದವನು ಕೈ ಹಾಕ್ಬಾರ್ದು" ಅಂದ್ರು. ಅವರು ಬೋರಿಂದ ಮೋಟ್ರು ಎತ್ತಿಸುವಾಗ ಕೇಬಲ್ ಜಾಯಿಂಟ್ ತಾವೇ ಹಾಕ್ತಾರೆ, ಟಿಲ್ಲರ್ ಬೆಲ್ಟ್ ತಾವೇ ಬದಲಾಯಿಸ್ತಾರೆ. ಚೈನ್ ಮಾತ್ರ ಬ್ರಹ್ಮವಿದ್ಯೆ! ಅವರ ಮಾತಲ್ಲಿ ಅರ್ಧ ಸತ್ಯ ಐತೆ, ಒಪ್ತೀನಿ. ಎರಡು ಕಡೆ ತಪ್ಪಿದ್ರೆ ನಿಜವಾಗ್ಲೂ ಪ್ರಾಣವೇ. ಅದಕ್ಕೇ ಆ ಎರಡನ್ನ ಸ್ವಲ್ಪ ಎಳೆದು ಹೇಳ್ತೀನಿ.

ಒಂದು, ಚೈನ್ ಲಾಕು. ಮೀನಿನ ಆಕಾರದ ಆ ಪುಟ್ಟ ಕ್ಲಿಪ್ಪಿಗೆ ಒಂದು ಕಡೆ ಮುಚ್ಚಿದ ಮೂತಿ, ಇನ್ನೊಂದು ಕಡೆ ಸೀಳಿದ ಬಾಲ. ಚೈನ್ ಓಡೋ ದಿಕ್ಕಿಗೆ ಮೂತಿ ಇರಬೇಕು. ಚೈನಿನ ಮೇಲಿನ ಸಾಲು ಮುಂದಕ್ಕೆ ಓಡತ್ತೆ, ಹಾಗಾಗಿ ಲಾಕ್ ಮೇಲಿದ್ದಾಗ ಮೂತಿ ಹೆಡ್‌ಲೈಟ್ ಕಡೆಗೆ. ಕೆಳಗಿನ ಸಾಲಲ್ಲಿ ಹಾಕ್ತಿದ್ರೆ ಉಲ್ಟಾ, ಮೂತಿ ಹಿಂದಕ್ಕೆ. ತಪ್ಪಿಸಿ ಹಾಕಿದ್ರೆ ಯಾವುದಕ್ಕಾದ್ರೂ ತಗಲಿ ಕಳಚ್ಕೊಳ್ಳೋ ಭಯ. ಹಳೇ ಲಾಕನ್ನ ಮತ್ತೆ ಹಾಕೋಕೆ ಹೋಗ್ಬೇಡಿ. ಕಟಿಂಗ್ ಪ್ಲೇಯರಲ್ಲಿ ಒತ್ತಿ ಕೂರಿಸಿದ ಮೇಲೆ ಕ್ಲಿಪ್ಪು ಎರಡೂ ಪಿನ್ನಿನ ಗಾಡಿಯೊಳಗೆ ಕೂತಿದ್ಯಾ ಅಂತ ಉಗುರು ಹಾಕಿ ನೋಡಿ.

ಎರಡನೇದು ಬ್ರೇಕು. ಚಕ್ರ ಹಿಂದೆ ಮುಂದೆ ಆದ್ರೆ ಬ್ರೇಕ್ ರಾಡಿನ ಅಳತೆನೂ ಬದಲಾಗತ್ತೆ. ಹೊಸ ಚೈನಿಗೆ ಚಕ್ರ ಮುಂದಕ್ಕೆ ಬರತ್ತೆ, ಬ್ರೇಕ್ ಸಡಿಲ ಆಗತ್ತೆ. ಪೆಡಲ್ ಆಟ ಸರಿ ಮಾಡ್ದೆ ರಸ್ತೆಗೆ ಇಳೀಬೇಡಿ. ಬ್ರೇಕ್ ಪ್ಲೇಟ್ ಹಿಡಿಯೋ ಪಟ್ಟಿಯ ನಟ್ಟಿಗೆ ಪಿನ್ ಇದ್ರೆ ಹೊಸ ಪಿನ್ ಹಾಕಿ ಮಡಚಿ. ಅಚ್ಚಿನ ನಟ್ಟು ಕೊನೇಲಿ ಪೂರ್ತಿ ಬಿಗಿ ಮಾಡಿದ್ದು ನೆನಪಿರಬೇಕು. ನಾನು ಮಗಳ ಕೈಲಿ ಒಂದ್ಸಲ ಕೇಳಿಸ್ಕೋತೀನಿ, "ಅಪ್ಪ, ಅಚ್ಚು?" ಅಂತ.

ಉಳಿದದ್ದು ಬರೀ ಕೊಳೆ ಕೆಲಸ. ಸೆಂಟರ್ ಸ್ಟ್ಯಾಂಡ್ ಹಾಕಿ ಕೀ ತೆಗೆದು ಜೇಬಿಗೆ. ಮುಂದಿನ ಸ್ಪ್ರಾಕೆಟ್ ಬೋಲ್ಟನ್ನ ಹಳೇ ಚೈನ್ ಇನ್ನೂ ಇರುವಾಗಲೇ, ಯಾರಾದ್ರೂ ಹಿಂದಿನ ಬ್ರೇಕ್ ಒತ್ತಿ ಹಿಡಿದಾಗ ಸಡಿಲಿಸ್ಕೊಳ್ಳಿ. ಚೈನ್ ಬಿಚ್ಚಿದ ಮೇಲೆ ಅದು ಸುತ್ತತ್ತೆ, ನೀವೂ ಸುತ್ತೀರ. ಅಡ್ಜಸ್ಟರ್ ಗೆರೆ ಎರಡೂ ಕಡೆ ಒಂದೇ ಸಮ ಬರ್ಲಿ. ಚೈನು ಕೆಳ ಸಾಲಿನ ನಡುವೆ 20ರಿಂದ 30 ಮಿ.ಮೀ. ಆಡಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ರೆ ಅದೇ ಸರಿ. ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರೋ ಜಾಗದಲ್ಲಿ ಲೆಕ್ಕ ಹಾಕಿ. ತಂತಿ ಥರ ಬಿಗಿ ಮಾಡೋರು ಒಂದು ತಿಳ್ಕೊಳ್ಳಿ, ಮೂಟೆ ಹೇರಿ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಚೈನ್ ಇನ್ನೂ ಬಿಗಿಯುತ್ತೆ. ಆಮೇಲೆ ಬೇರಿಂಗ್ ಹೋಯ್ತು ಅಂತ ಬೈಕೊಂಡು ಓಡಾಡ್ಬೇಡಿ. ರಿವಿಟ್ ಲಾಕ್ ಇರೋ ದೊಡ್ಡ ಗಾಡಿಗೆ ಬೇರೆ ಸಾಮಾನು ಬೇಕು, ಅದನ್ನ ಗ್ಯಾರೇಜಿಗೇ ಕೊಡಿ.

ಟ್ರ್ಯಾಕ್ಟರಿನ ವೇಸ್ಟ್ ಆಯಿಲ್ ಸುರಿಯೋ ಚಾಳಿ ಇನ್ನೊಂದು. ಆ ಕಪ್ಪು ಎಣ್ಣೇಲಿ ಮಸಿ, ಕಬ್ಬಿಣದ ಪುಡಿ ಇರತ್ತೆ, ಅದಕ್ಕೆ ನಮ್ಮ ಕೆಂಪು ಧೂಳು ಸೇರಿದ್ರೆ ಸಾಣೆ ಹಿಡಿದಂಗೆ. ಚೈನ್ ಒರೆಸಿ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನ ಬಟ್ಟೇಲಿ ತೆಗೀರಿ. ಕೈಲಿ ಚಕ್ರ ತಿರುಗಿಸಿ ಹಚ್ಚಬೇಕು. ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಓಡೋ ಚೈನಿಗೆ ಬಟ್ಟೆ ಹಿಡಿಯೋರು ಬೆರಳಿನ ಆಸೆ ಬಿಟ್ಟವರು. ಚೈನ್ ಕವರ್ ಬಿಚ್ಚಿ ಎಸೆದ ಹುಡುಗರಿಗೂ ಒಂದು ಮಾತು: ಆ ತಗಡು ಧೂಳು ತಡಿಯೋಕಷ್ಟೇ ಅಲ್ಲ, ಹಿಂದೆ ಕೂರೋ ಅಮ್ಮನ ಸೆರಗಿಗೂ ಅಡ್ಡ.

ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತಿದೀಯ ಅನ್ನೋರಿಗೆ: ಅವನೇ ನನಗೆ ಸೆಟ್ ತರಿಸಿ ಕೊಟ್ಟಿದ್ದು, ಲಾಕ್ ಹಾಕೋದು ತೋರಿಸಿದ್ದೂ ಅವನೇ. ಅವನಿಗೆ ಕೊಡೋ ಕೂಲಿ ಬಗ್ಗೆ ನನ್ನ ತಕರಾರಿಲ್ಲ. ಅವನು ಬದಲಾಯಿಸು ಅಂದಾಗ ಕಟ್ ಮಾಡು ಅನ್ನೋ ನಮ್ಮ ಬಾಯಿ ಬಗ್ಗೆ ತಕರಾರು.

ಭಾನುವಾರ ಹಾಲು ಹಾಕಿ ಬಂದ ಮೇಲೆ ಭಾವನ ಗಾಡಿಗೆ ಸೆಟ್ ಹಾಕ್ತಿದೀವಿ, ನಮ್ಮ ಹುಣಸೆ ಮರದ ಕೆಳಗೆ. ಬರೋರು ಸ್ಪ್ಯಾನರ್ ಸೆಟ್ ಇದ್ರೆ ತನ್ನಿ, ನನ್ನ 17ರದ್ದು ಯಾರೋ ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ. ಆ ಕುಡುಗೋಲು ಹಲ್ಲಿನ ಗಾಡಿ ಯಜಮಾನರೂ ಬರ್ಲಿ, ಸ್ಕೇಲ್ ನಾನಿಟ್ಟಿರ್ತೀನಿ.