ಮೊದಲು ಶುಕ್ರವಾರ ಗೊತ್ತು ಮಾಡಿ

ಚಳಿಗಾಲ ಬಂತೆಂದರೆ ನಮ್ಮ ರೂಮುಗಳಲ್ಲಿ ಎರಡು ಮಾತು ಶುರುವಾಗುತ್ತವೆ. ಒಂದು, ಊರಿಗೆ ಟಿಕೆಟ್ ಎಷ್ಟಾಗಿದೆ? ಇನ್ನೊಂದು, ಮನೆಯವರನ್ನು ಒಂದ್ಸಲ ಇಲ್ಲಿಗೇ ಕರೆಸಿದರೆ ಎಲ್ಲೆಲ್ಲಿ ಸುತ್ತಿಸಬೇಕು? ಈ ತಿಂಗಳ ಅಂಕಣ ಎರಡನೇ ಪ್ರಶ್ನೆಗೆ.

ಹೋದ ವರ್ಷ ಇದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದವರು ಕೊಪ್ಪಳ ಕಡೆಯ ಒಬ್ಬ ಮೇಸ್ತ್ರಿ. ಪ್ಲಾಸ್ಟರಿಂಗ್ ಕೆಲಸ, ಮಸ್ಕತ್ತಿನಲ್ಲಿ 19 ವರ್ಷ. ಇನ್ನೆರಡು ತಿಂಗಳಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಡುವವರು. "ಮಗಳು ಫೋನಿನಾಗ ಕೇಳತಾಳ್ರೀ, ಅಪ್ಪಾ, ಅಲ್ಲಿ ಏನೇನೈತಿ ಅಂತ. ರೂವಿ, ಘಲಾ, ಏರ್‌ಪೋರ್ಟ್ ಬಿಟ್ರ ನಾ ಏನ್ ನೋಡೇನಿ? ಏನ್ ಹೇಳ್ಲಿ?" ಅಂದರು. ಹೆಂಡತಿ, ಮಗಳನ್ನು ಒಂದು ವಾರಕ್ಕೆ ಕರೆಸುತ್ತಿದ್ದರು. ಕೈಯಲ್ಲಿ ಒಂದು ಚೀಟಿ ಇತ್ತು, ಅದರಲ್ಲಿ ಹದಿನಾಲ್ಕು ಜಾಗ. ಸಲಾಲಾ ಕೂಡ ಇತ್ತು! ಮಸ್ಕತ್ತಿನಿಂದ ಸಲಾಲಾಕ್ಕೆ ಸಾವಿರ ಕಿಲೋಮೀಟರು. ಏಳು ದಿನದಲ್ಲಿ ಹದಿನಾಲ್ಕು ಜಾಗ ಅಂದರೆ ಮಗಳು ನೋಡುವುದು ಕಾರಿನ ಕಿಟಕಿಯನ್ನಷ್ಟೇ.

ಚೀಟಿ ಪಕ್ಕಕ್ಕಿಟ್ಟು ನಾನು ಕೇಳಿದ್ದು ಒಂದೇ: ಶುಕ್ರವಾರ ಎಲ್ಲಿರುತ್ತೀರಿ?

ಒಮಾನಿನಲ್ಲಿ ವಾರದ ಪ್ರವಾಸ ಹಾಕುವವರು ಇದನ್ನೇ ಮೊದಲು ತೀರ್ಮಾನಿಸಬೇಕು. ಗ್ರ್ಯಾಂಡ್ ಮಸೀದಿಯನ್ನು ಮುಸ್ಲಿಮೇತರರು ನೋಡಲು ಶುಕ್ರವಾರ ಅವಕಾಶವಿಲ್ಲ. ಮುತ್ರಾ ಸೂಕ್ ಶುಕ್ರವಾರ ಬೆಳಿಗ್ಗೆ ಬಣಗುಡುತ್ತದೆ. ಮರಳುಗಾಡಿನ ಕ್ಯಾಂಪುಗಳಲ್ಲಿ ಗುರುವಾರ, ಶುಕ್ರವಾರ ರಾತ್ರಿ ಜನಜಂಗುಳಿ, ದರವೂ ಜಾಸ್ತಿ. ಆದರೆ ನಿಜ್ವಾದ ಆಡಿನ ಸಂತೆ ಸೇರುವುದು ಶುಕ್ರವಾರ ಬೆಳಿಗ್ಗೆಯೇ. ಅಂದಮೇಲೆ ಶುಕ್ರವಾರ ನಿಜ್ವಾದಲ್ಲಿರಬೇಕು. ಅದೊಂದು ಗೂಟ ನೆಟ್ಟರೆ ಉಳಿದ ಆರು ದಿನ ತಾವಾಗಿಯೇ ಅದರ ಆಚೀಚೆ ಕೂತುಕೊಳ್ಳುತ್ತವೆ. ಮಂಗಳವಾರ ಶುರು, ಸೋಮವಾರ ಮುಗಿತಾಯ. ಶುಕ್ರ–ಶನಿ ರಜೆ ಇರುವವರಿಗೆ ಐದು ದಿನದ ರಜೆ ಸಾಕು. ಶುಕ್ರವಾರ ಮಾತ್ರ ರಜೆ ಇರುವವರಿಗೆ ಆರು ದಿನ ಬೇಕು.

ಮಂಗಳವಾರ, ಬುಧವಾರ: ಮಸ್ಕತ್

ಮೊದಲ ದಿನ ಬೆಳಿಗ್ಗೆ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ. 2001ರಲ್ಲಿ ತೆರೆದದ್ದು. ಮುಸ್ಲಿಮೇತರರಿಗೆ ಬೆಳಿಗ್ಗೆ 8ರಿಂದ 11ರವರೆಗೆ ಸಮಯ. ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ. ಹೆಂಗಸರು ತಲೆ ಮುಚ್ಚಬೇಕು, ಕೈಕಾಲು ಮುಚ್ಚುವ ಬಟ್ಟೆ ಬೇಕು. ಚೂಡಿದಾರ್, ದುಪಟ್ಟಾ ಸಾಕಾಗುತ್ತದೆ. ಒಳಗಿನ ರತ್ನಗಂಬಳಿಯನ್ನು ಇರಾನಿನ 600 ಹೆಂಗಸರು ನಾಲ್ಕು ವರ್ಷ ಕೂತು ನೇಯ್ದದ್ದು. 70 ಮೀಟರ್ ಉದ್ದ, 60 ಮೀಟರ್ ಅಗಲ, 21 ಟನ್ ತೂಕ. ಕೂಲಿ ಕೆಲಸದ ಬೆಲೆ ಗೊತ್ತಿರುವ ನಮ್ಮಂಥವರು ಅದರ ಮುಂದೆ ಎರಡು ನಿಮಿಷ ಹೆಚ್ಚೇ ನಿಲ್ಲುತ್ತೇವೆ. ಮಧ್ಯಾಹ್ನ ಮನೆಯವರಿಗೆ ವಿಶ್ರಾಂತಿ ಕೊಡಿ. ಸಂಜೆ ರಾಯಲ್ ಒಪೆರಾ ಹೌಸ್ ಕಡೆ ನಡೆದು ಬನ್ನಿ. 2011ರಲ್ಲಿ ಶುರುವಾದ ಈ ಕಟ್ಟಡದ ಕಲ್ಲಿನ ಕೆಲಸ ನೋಡಲು ಕಾರ್ಯಕ್ರಮದ ಟಿಕೆಟ್ಟೇ ಬೇಕು ಅಂತೇನಿಲ್ಲ.

ಎರಡನೇ ದಿನ ಹಳೇ ಮಸ್ಕತ್. ಅಲಂ ಅರಮನೆಯ ಎದುರಿಗೆ 2016ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂ ಇದೆ. ಎರಡು ಗಂಟೆ ಇಟ್ಟುಕೊಳ್ಳಿ. ಅರಮನೆಯ ಎಡಬಲಕ್ಕೆ ಜಲಾಲಿ, ಮಿರಾನಿ ಕೋಟೆಗಳು. ಇವು ಪೋರ್ಚುಗೀಸರ ಕಾಲದವು. ಅವರು 1507ರಿಂದ 1650ರವರೆಗೆ ಇಲ್ಲಿದ್ದರು. ಆ ಕಾಲದಲ್ಲಿ ಇಲ್ಲಿನವರ ಹೊಟ್ಟೆಗೆ ಅಕ್ಕಿ ಬರುತ್ತಿದ್ದದ್ದು ನಮ್ಮ ಬಸ್ರೂರು, ಮಂಗಳೂರು ಬಂದರುಗಳಿಂದ. ಆಮೇಲೆ ಟಿಪ್ಪು ಸುಲ್ತಾನನೂ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಊರಿಂದ ಬಂದ ಮಕ್ಕಳಿಗೆ ಕಡಲ ಮುಂದೆ ನಿಲ್ಲಿಸಿ ಇದನ್ನು ಹೇಳಿ. ನಾವು ಇಲ್ಲಿಗೆ ಬಂದ ಮೊದಲನೆಯವರೇನಲ್ಲ. ಅಲ್ಲೇ ಹತ್ತಿರ ಮೋತೀಶ್ವರ ಶಿವಾಲಯವಿದೆ, ದರ್ಶನ ಮುಗಿಸಬಹುದು. ಸಂಜೆ ನಾಲ್ಕೂವರೆ, ಐದರ ಮೇಲೆ ಮುತ್ರಾ ಸೂಕ್. ಮಧ್ಯಾಹ್ನ ಹೋದರೆ ಅಂಗಡಿ ಬಾಗಿಲು ಹಾಕಿರುತ್ತವೆ. ಲೋಬಾನ ಇಲ್ಲೇ ಕೊಳ್ಳಿ, ಚೌಕಾಸಿ ಮಾಡಿ.

ಗುರುವಾರ: ನಿಜ್ವಾ ದಾರಿ

ಮಸ್ಕತ್ತಿನಿಂದ ನಿಜ್ವಾಕ್ಕೆ ಒಳ್ಳೇ ಹೆದ್ದಾರಿ, ಎರಡು ಗಂಟೆಯೊಳಗಿನ ದಾರಿ. ಆತುರ ಬೇಡ. ದಾರಿಯಲ್ಲಿ ಬಿರ್ಕತ್ ಅಲ್ ಮೌಜ್ ಅಂತ ಊರು ಸಿಗುತ್ತದೆ. ಬಾಳೆ, ಖರ್ಜೂರದ ತೋಟ, ಅದರ ಮೇಲೆ ಬಿದ್ದುಹೋದ ಮಣ್ಣಿನ ಮನೆಗಳ ಹಳೇ ಕೇರಿ. ಇಲ್ಲಿ ಫಲಜ್ ಅಲ್ ಖತ್ಮೈನ್ ನೋಡಿ. ಫಲಜ್ ಅಂದರೆ ಗುಡ್ಡದ ಬುಡದ ನೀರನ್ನು ಪಂಪು, ಮೋಟಾರು ಏನೂ ಇಲ್ಲದೆ ಬರೀ ಇಳಿಜಾರಿನಲ್ಲೇ ಊರಿಗೆ ತರುವ ಕಾಲುವೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನುವುದನ್ನು ಹಗಲು ಬಿಸಿಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರು. ಒಮಾನಿನಲ್ಲಿ ಇಂಥ ಸುಮಾರು 3,000 ಫಲಜ್‌ಗಳು ಇನ್ನೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದು ಆ ಐದರಲ್ಲೊಂದು. ಬೀದರಿನ ಕರೇಜ್, ದಕ್ಷಿಣ ಕನ್ನಡ–ಕಾಸರಗೋಡಿನ ಸುರಂಗ ನೋಡಿದವರಿಗೆ ಇದು ನೆಂಟರ ಮನೆಯಂತೆ ಕಾಣುತ್ತದೆ.

ಇದೇ ಊರಿಂದ ಜಬಲ್ ಅಖ್ದರ್ ಬೆಟ್ಟಕ್ಕೆ ದಾರಿ ಹತ್ತುತ್ತದೆ. ಆದರೆ ಪೊಲೀಸ್ ಚೌಕಿಯಲ್ಲಿ ಫೋರ್‌ವೀಲ್ ಗಾಡಿ ಅಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಸಣ್ಣ ಕಾರಿನಲ್ಲಿ ಹೋಗಿ ಅವರ ಹತ್ತಿರ ವಾದ ಮಾಡಬೇಡಿ. ರಾತ್ರಿ ನಿಜ್ವಾದಲ್ಲಿ ತಂಗಿ. ಕೋಟೆಯ ಪಕ್ಕದ ಹಳೇ ಕೇರಿಯ ಮನೆಗಳನ್ನೇ ರಿಪೇರಿ ಮಾಡಿ ರೂಮು ಕೊಡುತ್ತಾರೆ. ಅಲ್ಲಿಂದ ಸಂತೆಗೆ ನಡೆದೇ ಹೋಗಬಹುದು.

ಶುಕ್ರವಾರ: ಸಂತೆ, ಕೋಟೆ

ಬೆಳಿಗ್ಗೆ ಏಳರೊಳಗೆ ಸಂತೆಯಲ್ಲಿರಿ. ಒಂಬತ್ತಕ್ಕೆಲ್ಲ ಮುಗಿದಿರುತ್ತದೆ. ಕೊಳ್ಳುವವರು ಒಂದು ವೃತ್ತದಂತೆ ಕೂತಿರುತ್ತಾರೆ, ಮಾರುವವರು ಆಡು, ಕರು ಹಿಡಿದು ಅವರ ನಡುವೆ ಸುತ್ತುತ್ತಾ ಬೆಲೆ ಕೂಗುತ್ತಾರೆ. ನಮ್ಮ ಕಡೆಯ ಕುರಿಸಂತೆ ಕಂಡವರಿಗೆ ಭಾಷೆಯೇ ಬೇಕಾಗುವುದಿಲ್ಲ. ಹಲ್ಲು ನೋಡುವುದು, ಬೆನ್ನು ಒತ್ತುವುದು ಎಲ್ಲ ಅದೇ. ಮುಖದ ಹತ್ತಿರ ಫೋನು ಹಿಡಿದು ಫೋಟೋ ತೆಗೆಯಬೇಡಿ. ಹೆಂಗಸರದ್ದಂತೂ ಕೇಳದೆ ತೆಗೆಯಲೇಬೇಡಿ.

ಅಲ್ಲಿಂದ ಕೋಟೆ. 17ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು. ದುಂಡನೆಯ ಬುರುಜಿನ ಒಳಗೆ ಅರ್ಧದವರೆಗೂ ಮಣ್ಣು ತುಂಬಿದ್ದಾರೆ, ಫಿರಂಗಿ ಹಾರಿದರೆ ಅದುರಬಾರದು ಅಂತ. ಹತ್ತುವ ಕಿರಿದಾದ ಮೆಟ್ಟಿಲಿನ ಮೇಲೆ ತೂತುಗಳಿವೆ. ನುಗ್ಗಿ ಬಂದವರ ತಲೆ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯಲು. ಜುಮ್ಮಾ ನಮಾಜಿನ ಹೊತ್ತಿಗೆ ಎಲ್ಲ ಮುಚ್ಚುತ್ತದೆ. ಅಷ್ಟರೊಳಗೆ ನೋಡಿ ಮುಗಿಸಿ, ಊಟ ಮಾಡಿ ಮಲಗಿ. ವಾರದಲ್ಲಿ ಒಂದು ಮಧ್ಯಾಹ್ನವಾದರೂ ಖಾಲಿ ಇರಬೇಕು.

ಶನಿವಾರ: ಬಹ್ಲಾ, ಜಬ್ರೀನ್

ನಿಜ್ವಾದಿಂದ ಬಹ್ಲಾಕ್ಕೆ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ಕೋಟೆ ಬಹುಪಾಲು ಮಣ್ಣಿನ ಇಟ್ಟಿಗೆಯದ್ದು. 1987ರಲ್ಲಿ ಒಮಾನಿನಿಂದ ಯುನೆಸ್ಕೋ ಪಟ್ಟಿಗೆ ಸೇರಿದ ಮೊದಲ ಜಾಗ ಇದು. ಮಳೆಗೆ ಕರಗಿ ಕುಸಿಯುತ್ತಿದ್ದ ಕಾರಣ ಮರುವರ್ಷವೇ ಅಪಾಯದ ಪಟ್ಟಿಗೆ ಹೋಯಿತು. ವರ್ಷಗಟ್ಟಲೆ ದುರಸ್ತಿ ನಡೆದು 2004ರಲ್ಲಿ ಆ ಪಟ್ಟಿಯಿಂದ ಹೊರಬಂತು. ಊರಿನ ಸುತ್ತ ಇರುವ ಮಣ್ಣಿನ ಗೋಡೆಯೇ ಹನ್ನೆರಡು ಕಿಲೋಮೀಟರ್ ಆಸುಪಾಸು.

ನಮ್ಮ ಮೇಸ್ತ್ರಿ ಇಲ್ಲಿ ಎರಡು ತಾಸು ನಿಂತುಬಿಟ್ಟರಂತೆ. ಗೋಡೆಯಲ್ಲಿ ಹುಲ್ಲು ಕಂಡಿತಂತೆ, ಕೈಯಾಡಿಸಿ ನೋಡಿದರಂತೆ. ಮಗಳಿಗೆ ಹೇಳಿದರಂತೆ: "ನಮ್ಮ ಮಾಳಿಗಿ ಮನಿ ಗ್ವಾಡಿ ಹಿಂಗ ಐತಿ ನೋಡು. ನಿಮ್ಮಜ್ಜ ಮಣ್ಣು ಕಲಸಿ, ಹುಲ್ಲು ಹಾಕಿ, ಕೊಳಿಯಾಕ ಬಿಟ್ಟು, ಕಾಲಿಲೆ ತುಳಿತಿದ್ದ." ಇಷ್ಟು ವರ್ಷ ಅಪ್ಪ ಮಸ್ಕತ್ತಿನಲ್ಲಿ ಏನು ಮಾಡುತ್ತಾನೆ ಅಂತ ಆ ಹುಡುಗಿಗೆ ಸರಿಯಾಗಿ ಗೊತ್ತಿರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಕಂಡ ಕಟ್ಟಡಕ್ಕೆಲ್ಲ "ಇದು ನೀ ಕಟ್ಟಿದ್ದೇನಪ್ಪಾ?" ಅಂತ ಕೇಳಿದಳಂತೆ.

ಬಹ್ಲಾದಿಂದ ಕೆಲವೇ ನಿಮಿಷಕ್ಕೆ ಜಬ್ರೀನ್ ಅರಮನೆ. ಕಟ್ಟಿಸಿದ ಇಮಾಮ್ ಬಿಲ್‌ಅರಬ್‌ನ ಗೋರಿ ಅದರೊಳಗೇ ಇದೆ. ಚಾವಣಿಯ ಮರದ ಮೇಲಿನ ಬಣ್ಣದ ಚಿತ್ತಾರ ತಲೆಯೆತ್ತಿ ನೋಡಿ. ಸಂಜೆ ನಿಜ್ವಾಕ್ಕೇ ವಾಪಸ್. ಮೂರು ರಾತ್ರಿ ಒಂದೇ ರೂಮು ಅಂದರೆ ಬ್ಯಾಗು ಕಟ್ಟಿ ಬಿಚ್ಚುವ ರಗಳೆ ಇಲ್ಲ.

ಭಾನುವಾರ: ಮರಳು

ಸಿನಾವ್ ಮೇಲಿಂದ ಬಿದಿಯಾಕ್ಕೆ ಎರಡು-ಮೂರು ಗಂಟೆ. ಅಲ್ಲಿಂದ ಶರ್ಕಿಯಾ ಮರಳು ಶುರು. ಹಳಬರು ವಹೀಬಾ ಸ್ಯಾಂಡ್ಸ್ ಅನ್ನುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿಲೋಮೀಟರ್, ಅಡ್ಡಕ್ಕೆ 80. ಸಣ್ಣ ಕಾರನ್ನು ಊರಲ್ಲೇ ನಿಲ್ಲಿಸಿ, ಕ್ಯಾಂಪಿನವರ ಗಾಡಿಯಲ್ಲಿ ಹೋಗಿ. ಅವರು ಟಯರಿನ ಗಾಳಿ ಅರ್ಧ ಇಳಿಸಿಕೊಂಡು ಓಡಿಸುತ್ತಾರೆ, ದಾರಿಯ ಅಂದಾಜು ಇರುತ್ತದೆ. ಬಾಡಿಗೆ ಕಾರನ್ನು ಮರಳಿಗೆ ಇಳಿಸಿದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಸಿಗುವುದಿಲ್ಲ. ಹೂತರೆ ಎಳೆಸುವ ಖರ್ಚೂ ನಿಮ್ಮದೇ.

ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಕರೆದೊಯ್ಯುವ ಗಾಡಿ ದರದಲ್ಲಿ ಸೇರಿದೆಯಾ? ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದೆಯಾ? ಸಸ್ಯಾಹಾರ ಮಾಡಿಕೊಡುತ್ತಾರಾ? ಸಂಜೆ ನಾಲ್ಕರೊಳಗೆ ತಲುಪಿ. ಬಿಸಿಲು ಇಳಿದಿರುತ್ತದೆ, ಮುಳುಗುವ ಸೂರ್ಯ ಸಿಗುತ್ತಾನೆ. ರಾತ್ರಿ ಚಳಿ ಕಚ್ಚುತ್ತದೆ, ಸ್ವೆಟರ್ ಮರೆಯಬೇಡಿ. ಮರಳಲ್ಲಿ ಒಂದು ರಾತ್ರಿ ಸಾಕು. ಆದರೆ ಆ ಒಂದು ರಾತ್ರಿಯನ್ನು ದುಡ್ಡು ಉಳಿಸಲು ಬಿಡಬೇಡಿ. ಉಳಿಸುವುದಿದ್ದರೆ ಕ್ವಾಡ್ ಬೈಕಿನ ದುಡ್ಡು ಉಳಿಸಿ.

ಸೋಮವಾರ: ಸೂರ್, ಕಡಲ ದಾರಿ

ಬೆಳಿಗ್ಗೆ ಬೇಗ ಹೊರಟು ಸೂರ್. ಮರದ ಹಡಗು ಕಟ್ಟುವ ಕಾರ್ಖಾನೆ ನೋಡಿ. ಸೂರಿನ ಹಡಗುಗಳಿಗೆ ತೇಗ ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ಅಲ್ಲಿಂದ ಮಸ್ಕತ್ತಿಗೆ ಕಡಲ ಪಕ್ಕದ ಹೆದ್ದಾರಿ. ದಾರಿಯಲ್ಲಿ ಬಿಮ್ಮಾದ ನೀರಿನ ಗುಂಡಿ ಸಿಗುತ್ತದೆ, ಮಕ್ಕಳಿಗೆ ಖುಷಿ. ವಾದಿ ಶಾಬ್ ಚೆಂದ, ಆದರೆ ದೋಣಿ ದಾಟಿ ಬಹಳ ನಡೆಯಬೇಕು, ಕೊನೆಗೆ ಈಜಬೇಕು. ವಯಸ್ಸಾದವರಿದ್ದರೆ ಬಿಟ್ಟುಬಿಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಡ್ಡದ ಕಡೆ ಮೋಡ ಕಂಡರೆ ವಾದಿಗೆ ಇಳಿಯಬೇಡಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಬಿದ್ದ ಮಳೆ ನಿಮಿಷಗಳಲ್ಲಿ ಕೆಳಗೆ ಬರುತ್ತದೆ. ಹರಿಯುವ ವಾದಿಗೆ ಕಾರು ಇಳಿಸುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ ಕೂಡ. ಈಜು ಬಾರದವರು ಮೊಣಕಾಲಿನಿಂದ ಮೇಲೆ ನೀರಿಗೆ ಹೋಗಬೇಡಿ. ತುರ್ತಿಗೆ ಪೊಲೀಸ್ ನಂಬರ್ 9999.

ವಾರ ರಜೆ ಸಿಗದವರಿಗೆ

ಎಲ್ಲರಿಗೂ ವಾರ ರಜೆ ಸಿಗುವುದಿಲ್ಲ ಅಂತ ನನಗೂ ಗೊತ್ತು. ಒಂದೇ ಶುಕ್ರವಾರ ಇದ್ದರೂ ಸಾಕು. ಗುರುವಾರ ಡ್ಯೂಟಿ ಮುಗಿಸಿ ನಾಲ್ಕು ಜನ ಒಂದು ಕಾರು ಹಂಚಿಕೊಳ್ಳಿ, ಇಲ್ಲದಿದ್ದರೆ ಮುವಾಸಲಾತ್ ಬಸ್ಸು ಹಿಡಿಯಿರಿ. ರಾತ್ರಿ ನಿಜ್ವಾದಲ್ಲಿ ಮಲಗಿ, ಬೆಳಿಗ್ಗೆ ಸಂತೆ, ಕೋಟೆ ನೋಡಿ ಸಂಜೆಗೆ ವಾಪಸ್. ಇನ್ನೊಂದು ತಿಂಗಳು ಬಹ್ಲಾ, ಮತ್ತೊಂದು ತಿಂಗಳು ಸೂರ್. ರೆಸಿಡೆಂಟ್ ಕಾರ್ಡ್ ಜೇಬಲ್ಲಿರಲಿ. ಕಾರು ಓಡಿಸುವವರ ಹತ್ತಿರ ಒಮಾನ್ ಲೈಸೆನ್ಸ್ ಇರಲಿ.

ಮೇಸ್ತ್ರಿ ಈಗ ಊರಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಹಳೇ ಮನೆ ಕೆಡವಿ ಸಿಮೆಂಟ್ ಮನೆ ಕಟ್ಟುವ ಲೆಕ್ಕದಲ್ಲಿದ್ದವರು, ಮುಂದಿನ ಪಡಸಾಲೆಯ ಮಣ್ಣಿನ ಗೋಡೆ ಹಾಗೇ ಉಳಿಸಿಕೊಂಡಿದ್ದಾರಂತೆ. "ಬಹ್ಲಾದಾಗ ಸರ್ಕಾರ ರೊಕ್ಕ ಹಾಕಿ ಉಳಿಸ್ಯಾರ, ನಾ ಯಾಕ್ರೀ ಕೆಡವ್ಲಿ?" ಅಂದರು.

ಕ್ಯಾನ್ಸಲ್ ಆಗುವ ವರ್ಷಕ್ಕಂತ ಕಾಯಬೇಡಿ. ಈ ಚಳಿಗಾಲದ ಕ್ಯಾಲೆಂಡರ್ ತೆಗೆದು ಒಂದು ಶುಕ್ರವಾರಕ್ಕೆ ಗುಂಡು ಸುತ್ತಿ. ಮುಂದಿನ ತಿಂಗಳು ಸಿಗೋಣ.